ಏಳನೇ ಕೊಠಡಿಯ ಪರವಾಗಿ ನಾಲ್ಕು ಮಾತು

ನನಗೆ ತಿಳಿದಂತೆ ದಕ್ಷಿಣ ಧ್ರುವಕ್ಕೆ ಇದಕ್ಕಿಂತ ಹತ್ತಿರದಲ್ಲಿ ಬೇರೆ ಯಾವ ಬಹುಮಾನ ವಿತರಣೆಯೂ ನಡೆಯದ ಕಾರಣ ಭೂಮಂಡಲದ ತುತ್ತತುದಿಯ ಅಧ್ಯಕ್ಷರೇ ಎನ್ನಬಹುದಾದ ಪ್ರಿನ್ಸಿಪಾಲ್ ಬ್ರೇಡಿಯವರೇ, ಕಪ್‌ಗಳನ್ನು ಹಂಚಿ ಹಂಚಿ ತೋಳು ನೋಯಿಸಿಕೊಂಡಿರುವ ಮುಖ್ಯ ಅತಿಥಿಗಳೇ, ಆಡಳಿತ ಮಂಡಳಿಯ ಮಹನೀಯರೇ, ಮೂರನೇ ಸಾಲಿನಲ್ಲಿ ಕಣ್ಣು ಮುಚ್ಚಿಕೊಂಡು ನನ್ನನ್ನೇ ಗಮನವಿಟ್ಟು ಆಲಿಸುತ್ತಿರುವ ಗಣಿತದ ಮೇಷ್ಟ್ರೇ, ಇನ್ವರ್ಕಾರ್ಗಿಲ್ಲಿನ ಸಮಸ್ತ ಸಭಿಕರೇ,

ನಾನು ಖಾಯ್, ವಿಯೆಟ್ನಾಮಿನ ಹಾಯ್‌ಫಾಂಗ್‌ನವನು. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಪ್ರಗತಿ ಸಾಧಿಸಿದ್ದಕ್ಕಾಗಿ ಈ ವರ್ಷದ ಬೆಳ್ಳಿ ಕಪ್ ನನಗೆ ಬಂದಿದೆ. ಎರಡು ನಿಮಿಷದಲ್ಲಿ ವಂದನೆ ಹೇಳಿ ಇಳಿಯಬೇಕೆಂದು ಅಪ್ಪಣೆಯಾಗಿದೆ. ಹೇಳುತ್ತೇನೆ. ಆದರೆ ಯಾರಿಗೆ ಹೇಳಲಿ? ವಂದನೆ ಸಲ್ಲಬೇಕಾದವರ ಕೊಠಡಿಯೇ ಇಲ್ಲವಲ್ಲ!

ಮರಗೆಲಸದ ಶೆಡ್ಡಿನ ಹಿಂದಿದ್ದ ಏಳನೇ ಕೊಠಡಿಯಲ್ಲಿ ಮಿಸ್ ಪೆಟ್ರಿ ವಾರಕ್ಕೆ ಐದು ತಾಸು ನಮಗೆ ಇಂಗ್ಲಿಷ್ ಕಲಿಸುತ್ತಿದ್ದರು. ಅಲ್ಲಿ ಯಾರನ್ನೂ ಮಾತಾಡೆಂದು ಒತ್ತಾಯಿಸುವಂತಿರಲಿಲ್ಲ. ತಾನಾಗಿಯೇ ಒಂದು ಪೂರ್ತಿ ವಾಕ್ಯ ಆಡಿದವರಿಗೆ ಮೀನಿನ ಆಕಾರದ ಒಂದು ಚಾಕೊಲೇಟ್. ನನ್ನ ಚಿಕ್ಕಪ್ಪನ ಮಗಳು ಥಾವ್ ಒಂಬತ್ತು ವಾರ ತುಟಿ ಬಿಚ್ಚಲಿಲ್ಲ. ಹತ್ತನೇ ವಾರ, "ಮಿಸ್, ಆ ಕಿಟಕಿ ಮುಚ್ತೀರಾ? ತುಂಬಾ ಚಳಿ" ಎಂದಳು. ಮಿಸ್ ಕಿಟಕಿ ಮುಚ್ಚಿದರು, ಮೀನು ಕೊಟ್ಟರು, ಹೊರಗೆ ಹೋಗಿ ಬಹಳ ಹೊತ್ತು ಮೂಗು ಒರೆಸಿಕೊಂಡರು.

ಜುಲೈಯಲ್ಲಿ ಮಂಡಳಿಯವರು ನನ್ನ ಪ್ರಗತಿಯ ಗ್ರಾಫನ್ನು ಗೋಡೆಗೆ ಹಾಕಿದರು. ಆರು ತಿಂಗಳಲ್ಲಿ ಮೊದಲ ಮೆಟ್ಟಿಲಿಂದ ಐದನೆಯದಕ್ಕೆ! ಹಾಗಾದರೆ ಐದು ತಾಸು ಏಕೆ, ಒಂದು ಸಾಕು, ಮಿಕ್ಕಿದ್ದನ್ನು ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರಿನಲ್ಲಿ ಕಲಿಯಲಿ ಎಂದರು. ಈಗ ಏಳನೇ ಕೊಠಡಿಯಲ್ಲಿ ರಗ್ಬಿ ಸಾಮಾನು ತುಂಬಿದೆ. ರಗ್ಬಿ ಚೆಂಡಿಗೆ ಚಳಿಯಾಗುತ್ತದೆಯೇ ಮಹನೀಯರೇ? ಕಿಟಕಿ ಮುಚ್ಚಿ ಎಂದು ಅದು ಎಂದಾದರೂ ಕೇಳಿದೆಯೇ?

ಪ್ರಿನ್ಸಿಪಾಲರನ್ನು ವರಾಂಡದಲ್ಲಿ ತಡೆದು ಕೇಳಿದೆ. ಬೆನ್ನು ತಟ್ಟಿ, "ನೀನೇ ಸಾಕ್ಷಿ ಕಣಯ್ಯಾ! ನಿಂಗಾಗಿದ್ದು ಬೇರೆಯವ್ರಿಗೆ ಆಗಲ್ವಾ?" ಎಂದರು.

ಆಗಸ್ಟಿನಲ್ಲಿ, ಯೂನಿಫಾರಂ ಬಿಟ್ಟು ಬಣ್ಣದ ಬಟ್ಟೆಯಲ್ಲಿ ಬರುವ ದಿನ ಬಂತು. ಮೊದಲೆಲ್ಲ ಇಂಥ ಸೂಚನೆಗಳನ್ನು ಮಿಸ್ ಪೆಟ್ರಿ ಬೋರ್ಡಿನ ಮೇಲೆ ಚಿತ್ರ ಬರೆದು ತಿಳಿಸುತ್ತಿದ್ದರು. ಈ ಸಲ ಧ್ವನಿವರ್ಧಕ ಇಂಗ್ಲಿಷಿನಲ್ಲಿ ಗಡಗಡನೆ ಒದರಿ ಸುಮ್ಮನಾಯಿತು. ಥಾವ್‌ಗೂ ಅರ್ಥವಾಗಿರುತ್ತದೆಂದುಕೊಂಡು ನಾನೂ ಹೇಳಲಿಲ್ಲ. ಎಂಟುನೂರು ಮಕ್ಕಳು ಬಣ್ಣಬಣ್ಣವಾಗಿ ಬಂದರು. ಥಾವ್ ಒಬ್ಬಳೇ ಕೋಟು, ಟೈ.

"ಏಯ್, ಮಲಗೋವಾಗ್ಲೂ ಟೈ ಕಟ್ಕೋತೀಯೇನೇ?" ಎಂದು ಯಾರೋ ಕೂಗಿದರು.

ಆ ದಿನವನ್ನೆಲ್ಲ ಅವಳು ಹೊಟ್ಟೆನೋವೆಂದು ಶುಶ್ರೂಷೆಯ ಕೋಣೆಯಲ್ಲಿ ಕಳೆದಳು. ಸಂಜೆ ನನಗೆ ಹೇಳಿದ್ದಿಷ್ಟು: "ಅಣ್ಣಾ, ಅಪ್ಪಂಗೆ ಫೋನ್ ಮಾಡು. ನಾನು ಊರಿಗೆ ಹೋಗ್ತೀನಿ."

"ಸ್ವಲ್ಪ ತಡಿಯೇ, ಕಲೀತೀಯ."

"ನಿಂಗೇನಪ್ಪಾ, ನೀನು ಗೋಡೆ ಮೇಲಿರೋನು."

ಮುಂದಿನ ವಾರ ಅವಳು ವಿಮಾನ ಹತ್ತುತ್ತಾಳೆ. ಐದು ತಾಸು ಮರಳಿ ಬಂದರೆ ಹೊಸ ತರಗತಿ ಶುರುವಾಗುವ ಫೆಬ್ರವರಿಗೆ ವಾಪಸು ಕಳಿಸುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದು ಚಿಕ್ಕಪ್ಪ ಹೇಳಿದ್ದಾನೆ. ಮಂಡಳಿಯ ಸಭೆ ಸೋಮವಾರ. ಮಹನೀಯರೇ, ಒಬ್ಬ ಹುಡುಗನ ಗ್ರಾಫ್ ನೋಡಿ ಏಳನೇ ಕೊಠಡಿಯ ಮೂವತ್ತು ಮಕ್ಕಳ ಬಾಯಿ ಮುಚ್ಚಿಸುವುದು ಯಾವ ನ್ಯಾಯ? ಆ ಗ್ರಾಫನ್ನು ಯಾರಾದರೂ ಒಮ್ಮೆಯಾದರೂ ಪರೀಕ್ಷಿಸಿದಿರಾ?

ಪರೀಕ್ಷಿಸಿದ್ದರೆ ಒಂದು ಸಣ್ಣ ಸಂಗತಿ ಗೊತ್ತಾಗುತ್ತಿತ್ತು. ಹಾಯ್‌ಫಾಂಗ್‌ನಲ್ಲಿ ನಾನು ನಾಲ್ಕು ವರ್ಷ ಇಂಗ್ಲಿಷ್ ಟ್ಯೂಷನ್ನಿಗೆ ಹೋಗಿದ್ದೆ. ಇಲ್ಲಿಗೆ ಬಂದ ದಿನದ ಪರೀಕ್ಷೆಯಲ್ಲಿ ನನಗೆ ಎಲ್ಲವೂ ಗೊತ್ತಿತ್ತು. ಪಕ್ಕದ ಮೇಜಿನಲ್ಲಿ ಥಾವ್‌ಳ ಕಣ್ಣೀರು ಉತ್ತರಪತ್ರಿಕೆಯ ಮೇಲೆ ಬೀಳುತ್ತಿತ್ತು. ಅವಳೊಬ್ಬಳೇ ಕೆಳಗಿನ ಮೆಟ್ಟಿಲಲ್ಲಿ ಉಳಿಯುವುದು ಬೇಡವೆಂದು, ಕುರಿಯ ಚಿತ್ರ ತೋರಿಸಿ ಇದೇನೆಂದು ಕೇಳಿದಾಗ ತಲೆ ಕೆರೆದುಕೊಂಡು ಕೂತೆ. ಮನುಷ್ಯರಿಗಿಂತ ಕುರಿಗಳೇ ಹೆಚ್ಚಿರುವ ಸೀಮೆಯ ಈ ಇನ್ವರ್ಕಾರ್ಗಿಲ್ಲಿನಲ್ಲಿ, ಕುರಿಯ ಮುಂದೆ! ಏಳನೇ ಕೊಠಡಿಯಲ್ಲಿ ಹೋಂವರ್ಕ್ ಇಲ್ಲವೆಂಬುದೂ ಕಿವಿಗೆ ಬಿದ್ದಿತ್ತು, ಸುಳ್ಳೇಕೆ.

ಆ ಗ್ರಾಫಿನ ಮೊದಲ ಚುಕ್ಕಿ ಸುಳ್ಳು. ನಿಜವಾಗಿ ಏರಿದವಳು ಥಾವ್. ಒಂದೇ ಮೆಟ್ಟಿಲು. ಗೋಡೆಗೆ ಅದನ್ನು ಹಾಕಿ. ಕಪ್ ಇಲ್ಲೇ ಮೇಜಿನ ಮೇಲಿಟ್ಟಿದ್ದೇನೆ.

ಮಿಸ್ ಪೆಟ್ರಿ, ನಾನು ಮೋಸದಿಂದ ಗಿಟ್ಟಿಸಿದ ಆ ಮೊದಲ ಮೀನಿಗೆ ಬದಲಾಗಿ ಇನ್ನೊಂದನ್ನು ತಂದಿದ್ದೆ. ಭಾಷಣ ಉದ್ದವಾಯಿತು, ಅದು ಜೇಬಿನಲ್ಲೇ ಕರಗಿದೆ. ಕ್ಷಮಿಸಿ. ಎಲ್ಲರಿಗೂ ವಂದನೆಗಳು, ನಿಮಗೆ ಮಾತ್ರ ತಲೆಬಾಗಿ ನಮಸ್ಕಾರ.