ಬೇಡದ ಕಂಬ

“ಹಲೋ... ಹಲೋ, ಯಾರು ಮಾತಾಡ್ತಿರೋದು? ಬೆಂಗಳೂರಾ?... ಹಾಂ, ಸಾಹೇಬರು ಬೇಕಾಗಿತ್ತು. ಕೋಲಾರದಿಂದ. ಶ್ರೀರಾಮಪ್ಪ ಅಂತ... ಅಲ್ಲ ಸ್ವಾಮಿ, ಕಂಟ್ರಾಕ್ಟರ್ ಅಲ್ಲ. ಇಂಜಿನಿಯರು... ಹೌದು, ನಾನೇ ಇಂಜಿನಿಯರು.”

ಕೊನೆಯ ಮಾತನ್ನು ಅವನು ಸ್ವಲ್ಪ ಮೆಲ್ಲಗೇ ಹೇಳಿದ. ಇಂಜಿನಿಯರಿಂಗ್ ಕಾಲೇಜು ಬಿಟ್ಟು ಇನ್ನೂ ವರ್ಷ ತುಂಬಿರಲಿಲ್ಲ. ಆ ಪದವನ್ನು ತನಗೆ ಹೇಳಿಕೊಳ್ಳುವಾಗೆಲ್ಲ ಬೇರೆ ಯಾರದೋ ಕೋಟು ತೊಟ್ಟ ಹಾಗಾಗುತ್ತಿತ್ತು. ಕೋಲಾರದ ತಂತಿ ಕಚೇರಿಯಲ್ಲಿ, ಗೋಡೆಗೆ ಹೊಡೆದ ಟೆಲಿಫೋನಿನ ಮುಂದೆ ಅವನು ನಿಂತಿದ್ದ. ಅವನ ಬೆನ್ನಿಗೇ ಪಟೇಲ ದೊಡ್ಡಮುನಿಯಪ್ಪ ನಿಂತಿದ್ದರು. ಸುಗಟೂರಿನ ಆಚೆಯ ಹಳ್ಳಿಯಿಂದ ಇಬ್ಬರೂ ಒಂದೇ ಜಟಕಾದಲ್ಲಿ ಜಗಳವಾಡಿಕೊಂಡು ಬಂದಿದ್ದರು. ಸಾಹೇಬರು ಹೇಳಿದಂತೆ ಆಗಲಿ ಎನ್ನುವುದೊಂದೇ ದಾರಿಯುದ್ದಕ್ಕೂ ಅವರು ಒಪ್ಪಿದ ಮಾತು.

……

“ನಮಸ್ಕಾರ ಸಾರ್. ಶ್ರೀರಾಮಪ್ಪ... ಹಾಂ, ಶಾಲೆ ಕಟ್ಟಡದ ವಿಷಯ. ಇಲ್ಲ ಸಾರ್, ಬಿದ್ದಿಲ್ಲ... ಇಲ್ಲ, ಬಿರುಕೂ ಇಲ್ಲ. ಸೆಂಟ್ರಿಂಗ್ ಹಲಗೆ ಬಿಚ್ಚಿದ ಮೇಲೂ ತಾರಸಿ ನೆಟ್ಟಗೆ ನಿಂತಿದೆ... ಮತ್ಯಾಕೆ ಟ್ರಂಕ್ ಕಾಲು ಅಂದ್ರೆ... ಸಾರ್, ಊರವರು ಅದರ ಕೆಳಗೆ ಒಂದು ಕಂಬ ನಿಲ್ಸಿದಾರೆ.”

……

“ಕಂಬ ಸಾರ್. ಕಲ್ಲುಕಂಬ... ಶಾಲೆ ಒಳಗೆ, ನಟ್ಟನಡುವೆ. ನಾನು ಸಿಮೆಂಟ್ ಕೇಳೋಕೆ ಕೋಲಾರಕ್ಕೆ ಬಂದಿದ್ದೆ, ಯುದ್ಧದ ಕಾಲ, ಎರಡು ದಿನ ಓಡಾಡಿಸಿದ್ರು. ವಾಪಸ್ ಹೋಗಿ ನೋಡಿದ್ರೆ ಕಂಬ... ಇಲ್ಲ ಸಾರ್, ದ್ವೇಷಕ್ಕಲ್ಲ. ಪ್ರೀತಿಗೆ.”

ಪ್ರೀತಿಗೆ ಎಂದದ್ದು ಸುಳ್ಳಲ್ಲ. ಆ ಸೀಮೆಯ ಮನೆಗಳಿಗೆಲ್ಲ ಕಲ್ಲು ಚಪ್ಪಡಿಯೇ ಮಾಳಿಗೆ, ಅವರ ಮಾತಿನಲ್ಲಿ ಮಿದ್ದೆ. ಎರಡು ಚಪ್ಪಡಿ ಕೂಡುವ ಕಡೆ ಕೆಳಗೊಂದು ಕಂಬ ಇದ್ದೇ ಇರಬೇಕು. ಅಂಥ ಊರಿನಲ್ಲಿ ಗೋಡೆಯಿಂದ ಗೋಡೆಗೆ, ನಡುವೆ ಏನೂ ಆಸರೆಯಿಲ್ಲದೆ, ರೊಟ್ಟಿಯ ಹಾಗೆ ತೆಳ್ಳಗಿನ ಕಾಂಕ್ರೀಟು. ಊರವರು ಬಂದು ಕತ್ತೆತ್ತಿ ನೋಡಿದರು, ಬೇಗನೆ ಹೊರಗೆ ಹೋದರು. ಪಾಪ, ಹುಡುಗ, ಕಂಬ ಮರೆತಿದ್ದಾನೆ ಎಂದರು. ದೊಡ್ಡಮುನಿಯಪ್ಪ ತಮ್ಮ ಹಳೇ ಮನೆಯ ಜಗಲಿಯ ಕಂಬವನ್ನೇ ಗಾಡಿಯಲ್ಲಿ ಹಾಕಿಸಿಕೊಂಡು ಬಂದರು. ಕಲ್ಲು ಕೆಲಸದ ಗಂಗುಲಪ್ಪ ಅದನ್ನು ಎತ್ತಿ ನಿಲ್ಲಿಸಿ, ಅದರ ತಲೆಗೂ ತಾರಸಿಗೂ ನಡುವೆ ಕಲ್ಲಿನ ಚಕ್ಕೆಗಳನ್ನು ಬಿಗಿಯಾಗಿ ಬಡಿದ. ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದದ್ದೂ ಆಯಿತು.

……

“ನೀವೂ ಹಾಗೇ ಅಂತೀರಾ ಸಾರ್? ಒಂದು ಕಂಬ ಜಾಸ್ತಿ ಇದ್ರೆ ಏನು ನಷ್ಟ ಅಂತ?... ಪಟೇಲರೂ ಅದನ್ನೇ ಅಂತಾರೆ. ಇಲ್ಲೇ ಪಕ್ಕದಲ್ಲಿದಾರೆ.”

“ಪುಕ್ಸಟ್ಟೆ ಕೊಟ್ಟಿದೀವಿ ಅನ್ನಪ್ಪ,” ಎಂದರು ದೊಡ್ಡಮುನಿಯಪ್ಪ. “ನಮ್ಮ ತಾತನ ಕಾಲದ ಕಂಬ ಅನ್ನು.”

“ಪುಕ್ಕಟೆ ಕೊಟ್ಟಿದಾರಂತೆ ಸಾರ್... ಹಾಂ, ಅವರಿಗೆ ಥ್ಯಾಂಕ್ಸ್ ಹೇಳಿ ಹಾಗೇ ಬಿಟ್ಬಿಡಬೇಕಾ...”

‘ಆಗಲಿ ಸಾರ್’ ಎನ್ನುವುದು ನಾಲಗೆಯ ತುದಿಗೆ ಬಂದಿತ್ತು. ಕೆಲಸಕ್ಕೆ ಸೇರಿದಾಗಿನಿಂದ ಅವನು ಹೆಚ್ಚಾಗಿ ಆಡಿದ್ದೇ ಆ ಮಾತು. ಅದನ್ನು ಹೇಳಿಬಿಟ್ಟರೆ ಪಟೇಲರಿಗೂ ಖುಷಿ, ಸಾಹೇಬರಿಗೂ ಖುಷಿ, ಮಧ್ಯಾಹ್ನದ ಊಟಕ್ಕೆ ಹೋಗಬಹುದು. ತಾರಸಿಯೊಂದು ಮಾತ್ರ ಸೀಳುತ್ತದೆ.

……

“ಸಾರ್, ಹಾಗೇ ಬಿಡೋಕಾಗಲ್ಲ... ಎದುರು ಮಾತಾಡ್ತಿಲ್ಲ ಸಾರ್... ಹಾಂ, ಆಡ್ತಿದೀನಿ ಅಂತಲೇ ಇಟ್ಕೊಳ್ಳಿ.”

……

“ಹೇಳ್ತೀನಿ ಕೇಳಿ. ಗೋಡೆಯಿಂದ ಗೋಡೆಗೆ ಹಲಗೆ ಹಾಕಿದ ಹಾಗೆ ಅಲ್ವಾ ಅದು? ಭಾರ ಬಿದ್ರೆ ಕೆಳಗಡೆ ಹಿಗ್ಗುತ್ತೆ. ಅದಕ್ಕೇ ಕಬ್ಬಿಣ ಕೆಳಗಡೆ ಹಾಕಿದೀವಿ. ಈಗ ನಡುವೆ ಕಂಬ ಕೊಟ್ರೆ, ಕಂಬದ ತಲೆ ಹತ್ರ ಹಿಗ್ಗೋದು ಮೇಲ್ಗಡೆ. ಅಲ್ಲಿ ಕಬ್ಬಿಣ ಇಲ್ಲ... ಇಲ್ಲ ಸಾರ್, ಒಂದು ಕಡ್ಡೀನೂ ಇಲ್ಲ... ಯಾಕಿಲ್ಲ ಅಂದ್ರೆ? ಬೇಕಾಗಿರ್ಲಿಲ್ಲ... ನಕ್ಷೆ ಬರೆದವನಾ? ನಾನೇ... ಸಹಿ? ಸಹಿ ನಿಮ್ಮದು ಸಾರ್.”

……

“ಹಲೋ? ಇದೀರಾ ಸಾರ್?”

“ಏನಂತಾರೆ?” ಪಟೇಲರು ಕೇಳಿದರು.

“ಯೋಚನೆ ಮಾಡ್ತಿದಾರೆ.”

“ಕಂಬ ಕೊಟ್ಟಿದ್ದಕ್ಕೆ ಮಿದ್ದೆ ಕೆಡ್ತದೆ ಅಂದ್ರೆ ಯೋಚ್ನೆ ಮಾಡ್ದೆ ಇನ್ನೇನ್ ಮಾಡ್ತಾರೆ? ಮುದುಕನಿಗೆ ಕೋಲು ಕೊಟ್ರೆ ಸೊಂಟ ಮುರೀತು ಅಂದಂಗಾಯ್ತು.”

ಶ್ರೀರಾಮಪ್ಪ ರಿಸೀವರನ್ನು ಎದೆಗೆ ಒತ್ತಿಕೊಂಡ. “ಪಟೇಲ್ರೇ, ಕಾವಡಿ ಹೊತ್ತಿದೀರಾ?”

“ನಮ್ಮಪ್ಪ ಇದ್ದಾಗ ಮನೆ ನೀರೆಲ್ಲ ಹೊತ್ತಿದ್ದು ನಾನೇ. ಅದ್ಯಾಕೀಗ?”

“ಎರಡು ಕಡೆ ಕೊಡ, ನಡುವೆ ನಿಮ್ಮ ಹೆಗಲು. ಭಾರ ಜಾಸ್ತಿಯಾದ್ರೆ ಬಿದಿರು ಮೊದಲು ಎಲ್ಲಿ ಸೀಳುತ್ತೆ? ಮೇಲಾ, ಕೆಳಗಾ?”

ದೊಡ್ಡಮುನಿಯಪ್ಪನವರ ಕೈ ತಾನಾಗಿ ಹೆಗಲ ಮೇಲೆ ಹೋಯಿತು. ಇಲ್ಲದ ಬಿದಿರನ್ನು ಒಂದು ಗಳಿಗೆ ಹಾಗೇ ಹಿಡಿದುಕೊಂಡು ನಿಂತರು.

“ಮ್ಯಾಲೆ,” ಎಂದರು. “ಹೆಗಲ ಮ್ಯಾಲಿರೋ ಬಿದಿರಿನ ಬೆನ್ನೇ ಸೀಳೋದು.”

“ನಿಮ್ಮ ಕಂಬ ಆ ಹೆಗಲು. ತಾರಸಿ ಬೆನ್ನಿಗೆ ಕಬ್ಬಿಣ ಇಲ್ಲ.”

“ಬೆನ್ನಿಗೂ ಒಂದಿಷ್ಟು ಹಾಕ್ಬೇಕಾಗಿತ್ತು ತಾನೇ?”

“ನೀವು ಕಂಬ ತರ್ತೀರಿ ಅಂತ ನನಗೇನು ಕನಸು ಬಿದ್ದಿತ್ತಾ?”

ಮೇಜಿನ ಹಿಂದೆ ಕುಳಿತಿದ್ದ ತಂತಿ ಗುಮಾಸ್ತ ನಕ್ಕುಬಿಟ್ಟ. ಪಟೇಲರು ಅವನ ಕಡೆ ತಿರುಗಿ ನೋಡಿದರು. ಅವನು ಕೆಮ್ಮಿದ.

……

“ಹಾಂ, ಹೇಳಿ ಸಾರ್... ಯಾರಿಗೂ ಇಲ್ಲ, ಪಟೇಲರಿಗೆ ಕಾವಡಿ ವಿಷಯ ಹೇಳ್ತಿದ್ದೆ... ಎಕ್ಸ್‌ಚೇಂಜಿನವರೇ, ಇನ್ನೂ ಮಾತಾಡ್ತಿದೀವಿ, ಸ್ವಲ್ಪ ಇರಿ... ಸಾರ್, ಸೋಮವಾರ ನೀವು ಬರೋವರೆಗೆ ಕಾಯೋಕಾಗಲ್ಲ. ಇವತ್ತು ಮಧ್ಯಾಹ್ನ ಗಾರೆ ಬಡಿಯೋ ಹೆಂಗಸರು ತಾರಸಿ ಹತ್ತುತ್ತಾರೆ. ಹಸೀ ಗಾರೆ ಭಾರ, ಅಷ್ಟು ಜನರ ಭಾರ, ಅದರ ಮೇಲೆ ಕೊಡತಿ ಏಟು. ಕಂಬದ ನೇರಕ್ಕೆ ಸೀಳಿದ್ರೆ ಮೇಲೆ ಗಾರೆ ಮುಚ್ಕೊಳ್ಳುತ್ತೆ, ನಮಗೆ ಕಾಣಲ್ಲ. ಮಳೆಗಾಲದಲ್ಲಿ ಮೇಷ್ಟ್ರ ತಲೆಗೆ ಕಾಣುತ್ತೆ.”

……

“ನಿಲ್ಸಬಹುದು ಸಾರ್. ಅವರು ಮುಳಬಾಗಿಲ ಕಡೆ ಬೇರೆ ಕೆಲಸಕ್ಕೆ ಹೋಗ್ಬಿಡ್ತಾರೆ, ಕಲಸಿದ ಸುಣ್ಣ ಹಾಳಾಗುತ್ತೆ. ಅದೂ ಹೋಗ್ಲಿ. ಸೋಮವಾರ ನೀವು ಬಂದ್ರೂ ಲೆಕ್ಕ ಇದೇ ಅಲ್ವಾ ಸಾರ್?... ನನಗೆ ಅಷ್ಟು ಧೈರ್ಯಾನಾ? ಹಾಂ... ಇರ್ಲಿಲ್ಲ, ನಿಜ. ಸೆಂಟ್ರಿಂಗ್ ಬಿಚ್ಚಿದ ದಿನ ಊಟ ಸೇರ್ಲಿಲ್ಲ. ಅದರ ಕೆಳಗೇ ಹಾಸಿಗೆ ಹಾಕ್ಕೊಂಡೆ. ಬಿದ್ರೆ ನಿಮಗೆ ಉತ್ತರ ಕೊಡೋ ಕಷ್ಟ ತಪ್ಪುತ್ತಲ್ಲ ಅಂತ.”

ಅತ್ತ ಕಡೆಯಿಂದ ಸಾಹೇಬರ ನಗೆಯೋ ಬೈಗುಳವೋ ಏನೋ ಒಂದು ಗರಗರ ಎಂದಿತು. ಶ್ರೀರಾಮಪ್ಪನೂ ನಕ್ಕ.

ದೊಡ್ಡಮುನಿಯಪ್ಪ ಮಾತ್ರ ನಗಲಿಲ್ಲ. “ನಿನಗೇನಪ್ಪ, ಹೆಂಡ್ರಾ ಮಕ್ಳಾ! ಎಲ್ಲಾದ್ರೂ ಮಲಗ್ತೀಯ. ಅದರಡಿ ಕೂತ್ಕೊಳ್ಳೋದು ನಮ್ಮ ಮಕ್ಳು. ಕಂಬ ಇಲ್ಲ ಅಂದ್ರೆ ಯಾವ ತಾಯೀನೂ ಕಳ್ಸಲ್ಲ. ಅಲ್ದೆ ಪೂಜೆ ಆಗಿರೋ ಕಂಬ ಕಿತ್ತಾಕಿದ್ರು ಅಂತ ನನ್ನ ಮನೆ ಹೆಂಗಸ್ರೇ ಅನ್ನ ಹಾಕಲ್ಲ ನನಗೆ.”

“ಒಂದು ನಿಮಿಷ ಸಾರ್,” ಎಂದು ಶ್ರೀರಾಮಪ್ಪ ಪಟೇಲರ ಕಡೆ ತಿರುಗಿದ. “ಕಿತ್ತು ಎಸೆಯೋದು ಯಾರು? ಶಾಲೆ ಬಾಗಿಲ ಮುಂದೆ ನೆಡಿಸೋಣ. ಅದಕ್ಕೆ ಗಂಟೆ ಕಟ್ಟೋಣ. ಮಕ್ಕಳು ಅದರ ಮುಖ ನೋಡ್ಕೊಂಡೇ ಒಳಗೆ ಹೋಗ್ಲಿ. ಕುಂಕುಮ ಇಡೋರು ದಿನಾ ಇಡ್ಲಿ. ತಾಯಂದಿರೂ ಮಧ್ಯಾಹ್ನ ಬರ್ಲಿ. ಮೇಲೆ ಗಾರೆ ಬಡಿಯೋವಾಗ ನಾನು ಕೆಳಗೆ ಕೂತಿರ್ತೀನಿ, ಬಾಗಿಲಲ್ಲಿ ನಿಂತು ನೋಡ್ಲಿ.”

ಪಟೇಲರು ಯೋಚಿಸಿದರು. ಒಳಗೆ ಕತ್ತಲಲ್ಲಿ ನಿಂತ ಕಂಬವನ್ನು ನಾಳೆ ಮೇಷ್ಟ್ರು ಕೋಟು ನೇತುಹಾಕಲಿಕ್ಕೆ ಬಳಸುತ್ತಾರೆ ಎನ್ನುವುದು ಅವರಿಗೂ ಗೊತ್ತಿತ್ತು. ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವ ಕಂಬದ ಮಾತೇ ಬೇರೆ.

“ಸರೇ ಪೋನಿ, ಹಂಗೇ ಆಗ್ಲಿ,” ಎಂದರು. “ಆದ್ರೆ ಸಾಯೇಬ್ರು ಹೂಂ ಅನ್ಲಿ. ಕಿತ್ತ ಮ್ಯಾಲೆ ಮಿದ್ದೆ ಕುಸೀತು ಅಂದ್ರೆ ಯಾರನ್ನ ಹಿಡ್ಕೊಳ್ಳೋದು ನಾನು?”

……

“ಸಾರ್, ಪಟೇಲರು ಒಪ್ಪಿದಾರೆ. ಈ ಹೊತ್ತೇ ತೆಗೆಸ್ತೀನಿ... ಅಪ್ಪಣೆ ಕೇಳೋಕೇ ಫೋನ್ ಮಾಡಿದ್ದು, ನಿಜ. ಮಾತಾಡ್ತಾ ಮಾತಾಡ್ತಾ ನನಗೇ ಗೊತ್ತಾಯ್ತು... ಕುಸಿಯಲ್ಲ ಸಾರ್... ಹೂಂ, ಕುಸಿಯಲ್ಲ... ಪ್ರೊಬೇಷನ್ ನೆನಪಿದೆ... ನಾನೇ ತೆಗೆಸಿದ್ದು ಅಂತ ಬರೆದು ಕೊಡ್ತೀನಿ... ಸಾರ್, ಅಷ್ಟು ಜೋರಾಗಿ ಹೇಳಿದ್ರೆ ಈ ಫೋನಲ್ಲಿ ಏನೂ ಕೇಳ್ಸಲ್ಲ, ಸ್ವಲ್ಪ ನಿಧಾನವಾಗಿ... ಹಲೋ? ಸಾರ್?... ಹಲೋ, ಹಲೋ...”

ಗರಗರ ಸದ್ದೂ ನಿಂತಿತು.

“ಲೈನ್ ಹೋಯ್ತು,” ಎಂದ ಗುಮಾಸ್ತ. “ಇನ್ನೊಂದ್ಸಲ ಬುಕ್ ಮಾಡ್ಲಾ?”

“ಏನಂದ್ರು? ಸಾಯೇಬ್ರು ಏನಂದ್ರು?” ದೊಡ್ಡಮುನಿಯಪ್ಪ ಅವನ ತೋಳು ಹಿಡಿದರು.

ಶ್ರೀರಾಮಪ್ಪ ರಿಸೀವರನ್ನು ಕೊಕ್ಕೆಗೆ ಸಿಕ್ಕಿಸಿದ. “ಅವರು ಹೇಳೋದರೊಳಗೆ ಹೋಯ್ತು. ಈಗ ಹೇಳ್ತಿರೋದು ನಾನು. ನಡೀರಿ, ಗಂಗುಲಪ್ಪನ್ನ ಕರೆಸಿ, ಮೊದಲು ಕಂಬದ ತಲೆ ಮೇಲಿನ ಚಕ್ಕೆ ಸಡಿಲ ಮಾಡ್ಬೇಕು. ಹಿಡ್ಕೊಳ್ಳೋದಾದ್ರೆ ನನ್ನನ್ನೇ ಹಿಡ್ಕೊಳ್ಳಿ.”