ಎಮೆಟ್‌ನ ಸೊಟ್ಟ ಕ್ಲಿಪ್ಪುಗಳು

ಮಿಸೌರಿಯ ಶೂಟಿಂಗ್ ಕ್ಲಬ್ಬಿನಲ್ಲಿ ಶನಿವಾರದ ಸ್ಪರ್ಧೆಗೆ ಹೆಸರು ಕೊಡಲು ಜನ ಸಾಲು ನಿಂತಿದ್ದರು. ಕಾಫಿ ಲೋಟ ಹಿಡಿದಿದ್ದ ರೋಲಂಡನಿಗೆ ಮುಂದಿದ್ದ ಇಬ್ಬರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಒಬ್ಬ ಮುದುಕ ವರ್ಲಿನ್. ಇನ್ನೊಬ್ಬಳು, ಹೋದ ಚಳಿಗಾಲದಲ್ಲಿ ತೀರಿಕೊಂಡ ಅವನ ಹಳೆಯ ಜೊತೆಗಾರ ಎಮೆಟ್‌ನ ಮಗಳು ನಡೀನ್. ಅಪ್ಪನ ರಿವಾಲ್ವರ್ ಹಿಡಿದು ಮೊದಲ ಸಲ ಬಂದಿದ್ದಳು. ಅವಳ ಡಬ್ಬಿಯಲ್ಲಿ ತೋಟಾ ತುಂಬಿದ ಮೂನ್ ಕ್ಲಿಪ್ಪುಗಳಿದ್ದವು, ಆರಾರು ತೋಟಾಗಳನ್ನು ಒಟ್ಟಿಗೆ ಕಚ್ಚಿ ಹಿಡಿಯುವ ತೆಳು ಉಕ್ಕಿನ ಬಿಲ್ಲೆಗಳು.

ವರ್ಲಿನ್ ಒಂದನ್ನು ಎತ್ತಿ ಕಿವಿಯ ಹತ್ತಿರ ಅಲುಗಿಸಿದ.

"ಗಲಗಲ ಅಂತಿದೆ. ಬೇರೆ ಬೇರೆ ಕಂಪನಿ ತೋಟಾ ಬೆರೆಸಿಬಿಟ್ಯಾ?"

"ಇಲ್ಲ ಅಂಕಲ್, ಎಲ್ಲಾ ಒಂದೇ. ಅದೊಂದನ್ನೇ ತಾನೇ ಅಪ್ಪ ನಂಗೆ ಕಲಿಸಿದ್ದು."

"ಹಾಗಾದ್ರೆ ಕ್ಲಿಪ್ಪೇ ಸೊಟ್ಟ. ಇನ್ನೊಂದು ಕೊಡು. ಇದೂ ಸೊಟ್ಟ. ಇದನ್ನ ಹಾಕಿದ್ರೆ ಸಿಲಿಂಡರ್ ತಿರುಗೋದೇ ಇಲ್ಲ."

"ಅಪ್ಪ ಇವುಗಳಲ್ಲೇ ಹೊಡೀತಿದ್ರು. ನೆಟ್ಟಗಿರೋದನ್ನೆಲ್ಲ ಶುಕ್ರವಾರವೇ ಆರಿಸಿ ನಿಮಗೆ ಅಂತ ತೆಗೆದಿಡ್ತಿದ್ರು."

ವರ್ಲಿನ್ ಆ ಕ್ಲಿಪ್ಪನ್ನು ಡಬ್ಬಿಗೆ ವಾಪಸ್ ಇಟ್ಟ.

"ಮಿಕ್ಕಿದ್ದೂ ನೆಟ್ಟಗೇ ಇದೆ ಅಂತಿದ್ನಲ್ಲ, ಕಳ್ಳ. ಅವನ ರಿವಾಲ್ವರ್ ಕಚ್ಚಿಕೊಂಡಾಗೆಲ್ಲ ನಾನು ಎಷ್ಟು ನಗ್ತಿದ್ದೆ."

"ವರ್ಲಿನ್ ಸೋತ್ರೆ ಮನೆ ಮುಟ್ಟೋ ತನಕ ಗೊಣಗ್ತಾನೆ, ಒಂದೇ ಗಾಡೀಲಿ ಕೂತು ಅದನ್ನ ಯಾರು ಕೇಳ್ತಾರೆ ಅಂತಿದ್ರು ಅಪ್ಪ."

ಅವರ ಸರದಿ ಬಂತು. ವರ್ಲಿನ್ ಸೊಂಟದ ಪಟ್ಟಿಯಿಂದ ತನ್ನ ನೆಟ್ಟಗಿನ ಕ್ಲಿಪ್ಪುಗಳನ್ನೆಲ್ಲ ಬಿಡಿಸಿ ಅವಳ ಕೈಗಿಟ್ಟು, ಡಬ್ಬಿಯನ್ನು ತಾನು ತೆಗೆದುಕೊಂಡ.

"ಮತ್ತೆ ನೀವು?"

"ವಾಪಸ್ ಹೋಗ್ತಾ ಗೊಣಗ್ತೀನಿ. ಗಾಡಿ ನೀನು ಓಡಿಸು."