ಪೆಟ್ಟಿಗೆಯ ಮೇಲೆ ಇಟ್ಟ ಕೈ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಹಳೆಯ ಯಂತ್ರ ಕಂಡರೆ ಸಾಕು ಕೈ ತುರಿಸುವ ನಮ್ಮ ಬಳಗದ ಸದಸ್ಯರೇ, ಅವರ ಕಾಟವನ್ನೆಲ್ಲ ಸಹಿಸಿಕೊಂಡು ಇಂದು ಈ ಸಭಾಂಗಣಕ್ಕೂ ಜೊತೆಯಲ್ಲಿ ಬಂದಿರುವ ಮನೆಮಂದಿಯೇ, ಎಲ್ಲ ಸಭಿಕರೇ,

ಮೊದಲಿಗೆ ಒಂದು ಕೋರಿಕೆ. ಯಾರಾದರೂ ಈ ಮೈಕನ್ನು ಒಂದಿಷ್ಟು ಕೆಳಗೆ ಇಳಿಸಿಕೊಡಿ. ಹಾಂ, ಸಾಕು. ನನ್ನ ದನಿ ಮೈಕಿಲ್ಲದೆಯೂ ಕೊನೆಯ ಸಾಲಿಗೆ ಮುಟ್ಟುತ್ತದೆ. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತಳಾದವಳು. ತೊಂದರೆ ಅದಲ್ಲ. ನೀವು ಈಗಷ್ಟೇ ಸನ್ಮಾನಿಸಿದ ನಮ್ಮ ಮನೆಯವರು ಮುಂದಿನ ಸಾಲಿನಲ್ಲಿ ಹೂಗುಚ್ಛ ಹಿಡಿದುಕೊಂಡು ಕುಳಿತಿದ್ದಾರಲ್ಲ, ಅವರು ನನ್ನ ತುಟಿ ನೋಡಿ ಮಾತು ತಿಳಿಯಬೇಕು. ಮೈಕು ಅಡ್ಡ ಬಂದರೆ ಭಾಷಣ ಅವರ ಪಾಲಿಗೆ ಇಲ್ಲ. ಅದರಿಂದ ಅವರಿಗೇನು ನಷ್ಟ ಎಂದು ನೀವು ನಗಬಹುದು. ಆದರೆ ಮನೆಗೆ ಹೋದ ಮೇಲೆ ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ಹೇಳಬೇಕಾದವಳು ನಾನು.

ಕಾರ್ಯದರ್ಶಿಗಳು ನನಗೆ ಕೊಟ್ಟ ವಿಷಯ, ಕೀಲಿ ಕೊಡುವ ಗ್ರಾಮೊಫೋನುಗಳ ಸಂಗ್ರಹ ಮತ್ತು ದುರಸ್ತಿಯನ್ನು ಆರಂಭಿಸುವುದು ಹೇಗೆ ಎಂಬುದು. "ಅಮ್ಮಾ, ಹೊಸ ಸದಸ್ಯರಿಗೆ ಉಪಯೋಗ ಆಗೋ ಹಾಗೆ ನಾಲ್ಕು ಮಾತು ಹೇಳಿ. ಮನೆ ವಿಚಾರ ಆಮೇಲೆ ನೋಡೋಣ" ಎಂದೂ ಎಚ್ಚರಿಸಿದ್ದಾರೆ. ಪ್ರಯತ್ನ ಮಾಡುತ್ತೇನೆ.

ಹೊಸಬರು ಮೊದಲು ಮಾಡುವ ತಪ್ಪೆಂದರೆ ಥಳಥಳ ಹೊಳೆಯುವ ಪೆಟ್ಟಿಗೆಯನ್ನು ಕೊಳ್ಳುವುದು. ಹೊಳಪನ್ನು ನಿನ್ನೆ ಹಚ್ಚಿರಬಹುದು. ನೀವು ಕೇಳಬೇಕಾದದ್ದು ಬೇರೆ. ಹಿಡಿಕೆ ತಿರುಗುತ್ತದೆಯೇ? ತಿರುಗಿಸಿ ಬಿಟ್ಟರೆ ತಟ್ಟೆ ಸುತ್ತುತ್ತದೆಯೇ? ಸುತ್ತುತ್ತ ಕೆಮ್ಮುತ್ತದೆಯೇ? ನಮ್ಮ ಮನೆಗೆ ಬಂದ ಮೊದಲ ಪೆಟ್ಟಿಗೆಯ ಹಿಡಿಕೆ ತಿರುಗುತ್ತಲೇ ಇರಲಿಲ್ಲ. ಗುಜರಿ ಅಂಗಡಿಯಲ್ಲಿ ಮುರಿದ ಸೈಕಲ್ಲುಗಳ ಅಡಿಯಲ್ಲಿ ಬಿದ್ದಿತ್ತಂತೆ. ತುತ್ತೂರಿ ಒಂದು ಕಡೆ ನೆಗ್ಗಿತ್ತು. ಮುಚ್ಚಳ ತೆಗೆದರೆ ಇಲಿ ವಾಸನೆ. ಮನೆಯವರು ಅದನ್ನು ಕೂಸಿನ ಹಾಗೆ ಎದೆಗವಚಿಕೊಂಡು ತಂದು ಹಿಂದಿನ ಕೋಣೆಯ ಮೇಜಿನ ಮೇಲೆ ಇಟ್ಟರು. ಆ ಮೇಜು ನಾನು ಬಟ್ಟೆ ಇಸ್ತ್ರಿ ಮಾಡುತ್ತಿದ್ದದ್ದು. ಅಂದಿನಿಂದ ನಮ್ಮ ಮನೆಯಲ್ಲಿ ಇಸ್ತ್ರಿ ಇಲ್ಲ.

ಎರಡನೆಯದು, ಒಳಗಿನ ಸ್ಪ್ರಿಂಗು. ಇದನ್ನು ಚೆನ್ನಾಗಿ ಕೇಳಿಸಿಕೊಳ್ಳಿ. ಹಳೆಯ ಗ್ರೀಸು ಒಣಗಿದ ಗೋಂದಿನಂತೆ ಗಟ್ಟಿಯಾಗಿರುತ್ತದೆ. ಅದನ್ನು ಕೆರೆದು ತೆಗೆಯದೆ ಏನೂ ನಡೆಯುವುದಿಲ್ಲ. ಆದರೆ ಕೀಲಿ ಪೂರ್ತಿ ಇಳಿಯುವ ಮೊದಲು ಸ್ಪ್ರಿಂಗಿನ ಡಬ್ಬಿ ಬಿಚ್ಚಬಾರದು. ನಮ್ಮವರು ಬಿಚ್ಚಿದರು. ಸುರುಳಿ ಸುತ್ತಿದ ಉಕ್ಕಿನ ಪಟ್ಟಿ ಒಮ್ಮೆಲೇ ಹೊರಗೆ ಚಿಮ್ಮಿ ಅಂಗೈಯನ್ನು ಸೀಳಿತು. ನಾನು ಗಾಯ ತೊಳೆದು ಬಟ್ಟೆ ಕಟ್ಟಿದೆ. ಕಟ್ಟುವಾಗ ನಾನೂ ಮಾತಾಡಲಿಲ್ಲ, ಅವರೂ ಮಾತಾಡಲಿಲ್ಲ. ಆಗ ನಮ್ಮ ಮನೆಯಲ್ಲಿ ಮಾತು ನಿಂತೇ ಹೋಗಿತ್ತು.

ಕಾರ್ಯದರ್ಶಿಗಳು ನನ್ನತ್ತ ನೋಡುತ್ತಿದ್ದಾರೆ. ಕ್ಷಮಿಸಬೇಕು. ಆದರೆ ಆರಂಭಿಸುವುದು ಹೇಗೆ ಎಂದು ಕೇಳಿದ ಮೇಲೆ, ನಾವು ಆರಂಭಿಸಿದ್ದು ಹೇಗೆ ಎಂದು ಹೇಳದಿದ್ದರೆ ಹೇಗೆ?

ನಮ್ಮ ಮನೆಯವರು ಬಟ್ಟೆ ಗಿರಣಿಯಲ್ಲಿ ಮಗ್ಗಗಳ ಮೇಲ್ವಿಚಾರಕರಾಗಿದ್ದರು. ಆ ಶೆಡ್ಡಿನೊಳಗೆ ಹೋದವರಿಗೆ ಗೊತ್ತು, ಅಲ್ಲಿ ಮನುಷ್ಯರು ಕೈಸನ್ನೆಯಲ್ಲೇ ಮಾತಾಡುತ್ತಾರೆ. ಮದುವೆಯಾದ ಹೊಸತರಲ್ಲಿ ಅವರು ಮನೆಯಲ್ಲೂ ಕೈ ಆಡಿಸಿ ನೀರು ಕೇಳುತ್ತಿದ್ದರು. ನಾನು ನಗುತ್ತಿದ್ದೆ. ವರ್ಷಗಳು ಕಳೆದ ಹಾಗೆ ನಗು ಹೋಯಿತು. ನಾನು ಏನು ಹೇಳಿದರೂ ಅವರದು ಒಂದೇ ಉತ್ತರ: "ಹ್ಞೂಂ, ಆಯ್ತು." ಛತ್ರಿ ಎಲ್ಲಿ ಎಂದು ಕೇಳಿದರೆ ಆಯ್ತು. ನನಗೆ ಜ್ವರ ಎಂದರೆ ಆಯ್ತು. ನಿವೃತ್ತರಾದ ಮೇಲೆ ಅದೂ ಕಡಿಮೆಯಾಯಿತು. ದಿನವೆಲ್ಲ ಹಿಂದಿನ ಕೋಣೆಯಲ್ಲಿ ಆ ಪೆಟ್ಟಿಗೆಯ ಜೊತೆ. ವಾಚ್ ರಿಪೇರಿಯವರ ಅಂಗಡಿಗೆ ಹೋಗಿ, ಪಕ್ಕದಲ್ಲಿ ಕುಳಿತು, ಅವರ ಕೈ ನೋಡಿ ನೋಡಿ ಸ್ಪ್ರಿಂಗು ಸುತ್ತುವುದನ್ನು ಕಲಿತು ಬಂದರು. ಅಲ್ಲಿ ಗಂಟೆಗಟ್ಟಲೆ ಕೂರುವ ಗಂಡ ನನ್ನ ಜೊತೆ ಒಂದು ಮಾತಾಡುವುದಿಲ್ಲವಲ್ಲ ಎಂದು ನನಗೆ ಉರಿ.

ಒಂದು ಸಂಜೆ ಊರಿನಿಂದ ಫೋನು ಬಂತು. ನನ್ನ ತಾಯಿಗೆ ತೀರ ಸೀರಿಯಸ್ಸು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, "ರೀ, ಅಮ್ಮ ಉಳಿಯೋ ಹಾಗಿಲ್ಲವಂತೆ, ಈಗಲೇ ಹೊರಡಬೇಕು" ಎಂದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ಹ್ಞೂಂ, ಆಯ್ತು" ಎಂದರು. ನಾನು ಒಬ್ಬಳೇ ಹೊರಟೆ. ಅಮ್ಮ ಹೋದ ಮಾರನೆಯ ದಿನ ಅವರು ಬಂದರು, ಅತ್ತರು. ನನಗೆ ಆ ಅಳು ಬೇಕಿರಲಿಲ್ಲ.

ನನ್ನ ತಂಗಿ ಅಲ್ಲೇ ಇದ್ದಳು, ಎಲ್ಲ ನೋಡಿದಳು. "ಅಕ್ಕಾ, ಎಷ್ಟು ದಿನ ಅಂತ ಗೋಡೆ ಜೊತೆ ಸಂಸಾರ ಮಾಡ್ತೀಯ? ನಮ್ಮನೇಲಿ ಒಂದು ರೂಮು ಖಾಲಿ ಇದೆ, ಬಂದ್ಬಿಡು" ಎಂದಳು. ಜಗಳವಿಲ್ಲ, ಹೊಡೆತವಿಲ್ಲ, ಕುಡಿತವಿಲ್ಲ. ಏನೆಂದು ದೂರು ಹೇಳುವುದು? ಕೆಲವು ತಿಂಗಳು ಯೋಚಿಸಿ ಕೊನೆಗೆ ಆಗಲಿ ಎಂದೆ. ಒಂದು ಮಧ್ಯಾಹ್ನ ಬಟ್ಟೆಬರೆ ತುಂಬಿ, ಟ್ಯಾಕ್ಸಿಗೆ ಹೇಳಿ, ಅವರಿಗೆ ಒಂದು ಮಾತು ತಿಳಿಸಿ ಹೋಗೋಣವೆಂದು ಹಿಂದಿನ ಕೋಣೆಗೆ ಹೋದೆ.

ಪೆಟ್ಟಿಗೆ ಹಾಡುತ್ತಿತ್ತು. ಅದು ಅಂದೇ ಮೊದಲ ಬಾರಿ ಬಾಯಿ ಬಿಟ್ಟದ್ದು. ಆದರೆ ಮುಳ್ಳು ಹಾಡಿನ ತಟ್ಟೆಯ ಒಂದು ಗೆರೆಯಲ್ಲಿ ಸಿಕ್ಕಿಕೊಂಡಿತ್ತು. ಯಾರೋ ಗಾಯಕಿಯ ಅದೇ ಅರ್ಧ ಸಾಲು, ಅದೇ ಉಸಿರು, ಮತ್ತೆ ಅದೇ ಅರ್ಧ ಸಾಲು. ನಮ್ಮವರು ನನಗೆ ಬೆನ್ನು ಮಾಡಿ ಕುಳಿತಿದ್ದರು. ಎಡಗೈ ಪೆಟ್ಟಿಗೆಯ ಮೇಲೆ, ಬಲಗೈ ತೊಡೆಯ ಮೇಲೆ ಮೆಲ್ಲಗೆ ತಾಳ ಹಾಕುತ್ತಿತ್ತು.

"ರೀ, ಸಿಕ್ಕಿಹಾಕ್ಕೊಂಡಿದೆ ನೋಡಿ" ಎಂದೆ. ಇನ್ನೂ ಜೋರಾಗಿ ಹೇಳಿದೆ. ತಾಳ ನಿಲ್ಲಲಿಲ್ಲ.

ಸಭಿಕರೇ, ನನ್ನ ಮಾತನ್ನು ಅವರು ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂಬುದು ನನಗೆ ಹೊಸದಲ್ಲ. ಆದರೆ ಆ ತಟ್ಟೆ? ಅದನ್ನು ಅವರು ಮೆತ್ತನೆಯ ಬಟ್ಟೆಯಿಂದ ಒರೆಸುವಾಗ ಉಸಿರು ಬಿಗಿಹಿಡಿಯುತ್ತಿದ್ದರು. ಒಂದು ಗೀರು ಬಿದ್ದರೆ ಊಟ ಸೇರುತ್ತಿರಲಿಲ್ಲ. ಮುಳ್ಳು ಒಂದೇ ಗೆರೆಯನ್ನು ಕೊರೆಯುತ್ತಿರುವಾಗ ಆ ಮನುಷ್ಯ ಸುಮ್ಮನೆ ಕೂರುತ್ತಾರೆಯೇ? ನನ್ನನ್ನು ಕಡೆಗಣಿಸಬಹುದು. ತಟ್ಟೆಯನ್ನು ಕಡೆಗಣಿಸುವವರಲ್ಲ.

ಅಲ್ಲಿ ನಿಂತಲ್ಲೇ ನನಗೆ ಅರ್ಥವಾಯಿತು. ಛತ್ರಿ, ಜ್ವರ, ಅಮ್ಮ, ಎಲ್ಲವೂ ಒಟ್ಟಿಗೆ ಅರ್ಥವಾಯಿತು.

ನಾನು ಮುಂದೆ ಹೋದೆ. ನನ್ನನ್ನು ಕಂಡು ಅವರ ಮುಖ ಅರಳಿತು. "ಹೇಗಿದೆ ಹಾಡು?" ಎಂದರು. ನಾನು ಮುಳ್ಳನ್ನು ಎತ್ತಿದೆ. ಅವರು ಮೊದಲು ತಮ್ಮ ಅಂಗೈ ನೋಡಿಕೊಂಡರು, ಆಮೇಲೆ ನನ್ನ ಮುಖ ನೋಡಿದರು.

"ಯಾವಾಗಿಂದ ಕೇಳಿಸ್ತಿಲ್ಲ?" ಎಂದೆ.

ತುಟಿ ನೋಡಿ ತಿಳಿದುಕೊಂಡರು. ತಿರುಗುತ್ತಿದ್ದ ತಟ್ಟೆಯನ್ನು ಕೈಯಿಂದ ನಿಲ್ಲಿಸಿ, "ಮಿಲ್ಲಲ್ಲಿದ್ದಾಗಲೇ ಶುರುವಾಗಿತ್ತು. ಈಗ ಎದುರಿಗೆ ನಿಂತು ಹೇಳಿದ್ರೆ ಅಷ್ಟಿಷ್ಟು, ಇಲ್ಲಾಂದ್ರೆ ಏನೂ ಇಲ್ಲ" ಎಂದರು.

"ಹೇಳ್ಬಾರದಿತ್ತಾ?"

"ನೀನು ದಿನವೆಲ್ಲ ಊರಿಗೆಲ್ಲ ಮಾತು ಮುಟ್ಟಿಸಿ ಬರೋಳು. ಮನೇಲಿ ಕಟ್ಟಿಕೊಂಡವನಿಗೆ ಮುಟ್ಟಲ್ಲ ಅಂತ ಹೇಗೆ ಹೇಳಲಿ? ಶೆಡ್ಡಲ್ಲಿ ಗೊತ್ತಾಗಿದ್ರೆ ಕೆಪ್ಪ ಅಂತ ಹೆಸರಿಡ್ತಿದ್ರು. ಹ್ಞೂಂ ಆಯ್ತು ಅಂದ್ಬಿಟ್ರೆ ಎಲ್ಲ ಕಡೆ ನಡೀತಿತ್ತು."

"ಅಮ್ಮನ ವಿಷಯ ಹೇಳಿದಾಗಲೂ?"

"ಆವತ್ತು ನೀನು ಬಾಗಿಲಲ್ಲಿ ನಿಂತಿದ್ದು ಮಾತ್ರ ಓರೆಗಣ್ಣಿಗೆ ಕಂಡಿತ್ತು, ಅಂಗಡಿಗೆ ಹೋಗಿಬರ್ತೀನಿ ಅಂದೆ ಅಂದ್ಕೊಂಡೆ. ರಾತ್ರಿಯಾದ್ರೂ ಬರಲಿಲ್ಲ. ಬೆಳಿಗ್ಗೆ ಪಕ್ಕದ ಮನೆಯವರು ಎದುರಿಗೆ ನಿಂತು ಹೇಳಿದಾಗಲೇ ನಂಗೆ ಗೊತ್ತಾಗಿದ್ದು."

ಹೊರಗೆ ಟ್ಯಾಕ್ಸಿಯವನು ಹಾರ್ನ್ ಮಾಡುತ್ತಲೇ ಇದ್ದ. ಅದು ಕೇಳಿಸಿದ್ದು ನನಗೆ ಮಾತ್ರ. ಹೋಗಿ ಅವನನ್ನು ಕಳಿಸಿ ಬಂದೆ. ತಂಗಿಗೆ ಫೋನು ಮಾಡಿ, "ಬರಲ್ಲ ಕಣೆ, ಇವರಿಗೆ ಕಿವಿ ಕೇಳಿಸಲ್ಲ" ಎಂದೆ. "ಅಯ್ಯೋ, ಹಾಗಾದ್ರೆ ಇನ್ನೂ ಬೇಗ ಬಾ" ಎಂದಳು ಅವಳು. ನನಗೆ ಅಳುವಿನ ನಡುವೆಯೂ ನಗು ಬಂತು. ಅವಳು ಇಲ್ಲೇ ನಾಲ್ಕನೆಯ ಸಾಲಿನಲ್ಲಿದ್ದಾಳೆ, ಮುಖ ಮುಚ್ಚಿಕೊಂಡಿದ್ದಾಳೆ. ಇರಲಿ ಬಿಡೇ, ನೀನು ಅಂದು ಕರೆಯದಿದ್ದರೆ ನಾನು ಆ ಹೊತ್ತಿಗೆ ಆ ಕೋಣೆಗೆ ಹೋಗುತ್ತಲೇ ಇರಲಿಲ್ಲ.

ರೇಡಿಯೋ ಇದೆ, ಟೀವಿ ಇದೆ, ಈ ಮುದಿ ಪೆಟ್ಟಿಗೆಯೇ ಏಕೆ ಎಂದು ಆಮೇಲೆ ಕೇಳಿದೆ. ಗುಜರಿ ಅಂಗಡಿಯವನು ಇಂಥದೇ ಇನ್ನೊಂದನ್ನು ನುಡಿಸುತ್ತಿದ್ದಾಗ ಇವರು ಸುಮ್ಮನೆ ಅದರ ಮೇಲೆ ಕೈ ಇಟ್ಟರಂತೆ. ಮರವೆಲ್ಲ ನಡುಗುತ್ತಿತ್ತಂತೆ. "ಎಷ್ಟೋ ವರ್ಷದ ಮೇಲೆ ಹಾಡು ನನ್ನ ಹತ್ರ ಬಂತು" ಎಂದರು.

ಕಿವಿ ಡಾಕ್ಟರ ಹತ್ತಿರ ಹೋದೆವು. ಯಂತ್ರ ಕೊಟ್ಟರು, ಅದು ತಟ್ಟೆ ಲೋಟದ ಸದ್ದನ್ನೆಲ್ಲ ತರುತ್ತದೆ, ಮಾತನ್ನು ಮಾತ್ರ ತರುವುದಿಲ್ಲ. ಪೂರ್ತಿ ವಾಸಿಯಾಗುವುದಿಲ್ಲ ಎಂದು ಗೊತ್ತಾದ ಮೇಲೆ ನಾವಿಬ್ಬರೂ ಕೆಲಸ ಹಂಚಿಕೊಂಡೆವು.

ಹೊಸ ಸದಸ್ಯರೇ, ಮೂರನೆಯ ಮಾತು ಇದೇ, ವೇಗ. ತಟ್ಟೆ ಬೇಗ ತಿರುಗಿದರೆ ಗಂಡಸಿನ ದನಿ ಹೆಂಗಸಿನದಾಗುತ್ತದೆ, ನಿಧಾನವಾದರೆ ಗಾಯಕಿಗೆ ನೆಗಡಿಯಾಗುತ್ತದೆ. ಒಳಗೆ ವೇಗ ಹಿಡಿಯುವ ಒಂದು ತಿರುಪು ಇದೆ. ತಿರುಪು ತಿರುಗಿಸುವುದು ಅವರು, ಕೇಳುವುದು ನಾನು. ಅವರ ಮಣಿಕಟ್ಟಿನ ಮೇಲೆ ಬೆರಳಿಟ್ಟು, ಬೇಗ ಮಾಡಬೇಕಾದರೆ ಮೇಲಕ್ಕೆ ಎಳೆಯುತ್ತೇನೆ, ಸಾಕಾದರೆ ಒತ್ತುತ್ತೇನೆ. ಮೊದಲ ದಿನ ಒಬ್ಬರಿಗೊಬ್ಬರು ಹೊಂದದೆ ಜಗಳವಾಯಿತು. ಎಷ್ಟೋ ವರ್ಷದ ಮೇಲೆ ಆಡಿದ ಜಗಳ, ಇಬ್ಬರಿಗೂ ಹಿತವಾಗಿತ್ತು. ಈಗ ನಮ್ಮ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಮಂಚದ ಅಡಿಯಲ್ಲೂ ತುತ್ತೂರಿಗಳು.

ಕೊನೆಯದಾಗಿ ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ಕಳೆದ ವರ್ಷ ಒಂದು ದೊಡ್ಡ ತುತ್ತೂರಿಯ ಪೆಟ್ಟಿಗೆ ಸಿಕ್ಕಿತು. ಮುಳ್ಳು ಸಿಕ್ಕಿಸುವ ದುಂಡನೆಯ ಡಬ್ಬಿಯಲ್ಲಿ ಅಭ್ರಕದ ತೆಳ್ಳನೆಯ ಬಿಲ್ಲೆ ಇರುತ್ತದೆ. ತಟ್ಟೆಯ ನಡುಕವನ್ನು ದನಿ ಮಾಡಿ ತುತ್ತೂರಿಗೆ ಕೊಡುವುದು ಅದೇ. ಒಡೆದುಹೋಗಿದ್ದ ಬಿಲ್ಲೆಯನ್ನು ಬದಲಿಸಿ ಕೂರಿಸಿದ ಮೇಲೆ, ಅವರು ತಟ್ಟೆ ಹಾಕಲಿಲ್ಲ. ಮುಳ್ಳಿನ ತುದಿಗೆ ತಮ್ಮ ಬೆರಳು ತಾಗಿಸಿಕೊಂಡು, "ಆ ಕಡೆಯಿಂದ ತುತ್ತೂರಿಯೊಳಗೆ ಏನಾದ್ರೂ ಮಾತಾಡು" ಎಂದರು.

ಜೀವನವೆಲ್ಲ ಮಾತಾಡಿಯೇ ಅನ್ನ ತಿಂದವಳಿಗೆ ಒಂದು ಮಾತೂ ಹೊಳೆಯಲಿಲ್ಲ. ಕೊನೆಗೆ, ಕಿಟಕಿಯ ಹೊರಗೆ ಬಟ್ಟೆ ಒಣಗಿದೆ, ಮೋಡ ಕಟ್ಟುತ್ತಿದೆ, ನಿಮ್ಮ ನೀಲಿ ಅಂಗಿಯ ಗುಂಡಿ ಹೋಗಿದೆ ಎಂದು ಬಾಯಿಗೆ ಬಂದದ್ದೆಲ್ಲ ಹೇಳುತ್ತ ಹೋದೆ. ತುತ್ತೂರಿ ನನ್ನ ಮುಖವನ್ನು ಪೂರ್ತಿ ಮರೆಮಾಡಿತ್ತು. ತುಟಿ ಅವರಿಗೆ ಕಾಣುವಂತಿರಲಿಲ್ಲ. ನಾನು ನಿಲ್ಲಿಸಿ ಪಕ್ಕಕ್ಕೆ ಬಾಗಿ ನೋಡಿದರೆ ಅವರ ಬೆರಳು ಇನ್ನೂ ಅಲ್ಲೇ ಇತ್ತು.

"ಗೊತ್ತಾಯ್ತಾ?" ಎಂದೆ.

"ಏನು ಹೇಳಿದೆ ಅಂತ ಗೊತ್ತಾಗಲಿಲ್ಲ" ಎಂದರು. "ನೀನೇ ಅಂತ ಗೊತ್ತಾಯ್ತು."

ಕೊಟ್ಟ ಹೊತ್ತನ್ನು ಮೀರಿದ್ದೇನೆ, ಕೊಟ್ಟ ವಿಷಯವನ್ನೂ ಮೀರಿದ್ದೇನೆ. ಆದರೂ ನಡುವೆ ತಡೆಯದ ಕಾರ್ಯದರ್ಶಿಗಳಿಗೆ, ನಮ್ಮಿಬ್ಬರನ್ನೂ ಒಟ್ಟಿಗೆ ಕರೆದ ಬಳಗಕ್ಕೆ, ಇಷ್ಟು ಹೊತ್ತು ಕಿವಿಗೊಟ್ಟ ನಿಮಗೆ, ಕಣ್ಣುಕೊಟ್ಟ ಅವರಿಗೆ ನನ್ನ ಧನ್ಯವಾದಗಳು. ನಮಸ್ಕಾರ.